ಎಮ್ಮೆಗೆ ಎಳೆದ ಬರೆ
(ಸೇಡಿನ ಬಗ್ಗೆ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸ ಎಂದರೆ ಪಂಪನೋ ಬಸವಣ್ಣನೋ ಕುವೆಂಪುವೋ ಇರಬೇಕೆಂಬುದು ನಮ್ಮಲ್ಲಿ ರೂಢಿ. ಈ ಸಲ ಸೇಡಿನ ಬಗ್ಗೆ ಮಾತಾಡುತ್ತೇನೆಂದಾಗ ಸಂಘಟಕರು ಒಂದು ಕ್ಷಣ ತಡೆದು ಒಪ್ಪಿಕೊಂಡರು. ಅವರಿಗೆ ಕೃತಜ್ಞ. ಈ ವಿಷಯವನ್ನು ಆರಿಸಿದ್ದಕ್ಕೆ ಕಾರಣ ಸರಳವಾದದ್ದು. ಠಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬಯಿಗಳಿಂದ ಬಂದು ಇಲ್ಲಿ ಕೂತಿರುವ ನಮ್ಮಲ್ಲಿ ಬಹುಪಾಲು ಜನಕ್ಕೆ ಎರಡು ಊರು. ಮನೆ ಇರುವ ಊರು ಒಂದು, ತರವಾಡು ಮನೆಯೋ ಹೊಲವೋ ಇರುವ ಊರು ಇನ್ನೊಂದು. ಕಳೆದ ಕೆಲವು ವರ್ಷಗಳಲ್ಲಿ ಈ ಎರಡೂ ಕಡೆಯಿಂದ ಒಂದೇ ಬಗೆಯ ಸುದ್ದಿ ಬಂದಿದೆ. ಯಾರೋ ಯಾರನ್ನೋ ಕೊಂದರು, ಅದಕ್ಕೆ ಪ್ರತಿಯಾಗಿ ಮತ್ತೊಬ್ಬರು ಇನ್ಯಾರನ್ನೋ ಕೊಂದರು. ಆ ‘ಇನ್ಯಾರೋ’ ಯಾರು ಎಂಬುದೇ ನನ್ನ ಇವತ್ತಿನ ಪ್ರಶ್ನೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆಯನ್ನು ನಾವು ನಗುವುದಕ್ಕೆ ಬಳಸುತ್ತೇವೆ. ಸೇಡಿನ ಇತಿಹಾಸವನ್ನೆಲ್ಲ ಈ ಒಂದು ಗಾದೆ ಹಿಡಿದಿಟ್ಟಿದೆ ಎಂದು ನನಗೆ ಅನ್ನಿಸುತ್ತದೆ. ಸೇಡು ಕೆಟ್ಟದ್ದು, ಕ್ಷಮೆ ದೊಡ್ಡದು ಎಂದು ಉಪದೇಶಿಸುವುದಕ್ಕೆ ನಾನು ಬಂದಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ಕ್ಷಮಿಸಿಬಿಡಮ್ಮ ಎನ್ನುವ ಹಕ್ಕು ಯಾರಿಗೂ ಇಲ್ಲ. ನಾನು ಹೇಳಹೊರಟಿರುವುದು ಎರಡೇ ಮಾತು. ಒಂದು, ಸೇಡು ಹೆಚ್ಚಾಗಿ ತಾನು ಹುಡುಕಿಕೊಂಡು ಹೋದವನನ್ನು ಮುಟ್ಟುವುದಿಲ್ಲ, ಕೈಗೆ ಸಿಕ್ಕವನನ್ನು ಮುಟ್ಟುತ್ತದೆ. ಅಕಸ್ಮಾತ್ ಮುಟ್ಟಿದರೂ ಸತ್ಯವನ್ನು ಅವನ ಜೊತೆಗೇ ಹೂತುಬಿಡುತ್ತದೆ. ಎರಡು, ಅದನ್ನು ತಡೆಯುವುದಕ್ಕೆ ಮಹಾತ್ಮರು ಬೇಕಿಲ್ಲ, ಮೊದಲೇ ಮಾಡಿಟ್ಟ ಏರ್ಪಾಡು ಬೇಕು. ಅಂಥ ಏರ್ಪಾಡು ನಮ್ಮ ಕಲ್ಯಾಣದ ಪಕ್ಕದಲ್ಲೇ ಒಮ್ಮೆ ಕೆಲಸ ಮಾಡಿ ತೋರಿಸಿದೆ.

ಹತ್ತಿರದ ಊರಿನಿಂದ ಶುರುಮಾಡೋಣ. ಕಲ್ಯಾಣ್ ದಾಟಿದರೆ ವಿಠ್ಠಲವಾಡಿ, ಉಲ್ಲಾಸನಗರ, ಅಂಬರನಾಥ, ಆಮೇಲೆ ಬದ್ಲಾಪುರ. 2024ರ ಆಗಸ್ಟ್‌ನಲ್ಲಿ ಅಲ್ಲಿನ ಶಾಲೆಯೊಂದರ ಇಬ್ಬರು ಪುಟ್ಟ ಬಾಲಕಿಯರ ಮೇಲೆ ದೌರ್ಜನ್ಯವಾಯಿತೆಂಬ ಸುದ್ದಿ ಹಬ್ಬಿತು. ದೂರು ದಾಖಲಿಸಿಕೊಳ್ಳುವುದರಲ್ಲಿ ಆದ ವಿಳಂಬ ಜನರನ್ನು ಕೆರಳಿಸಿತು. ಆಗಸ್ಟ್ 20ರಂದು ಸಾವಿರಾರು ಮಂದಿ ಹಳಿಯ ಮೇಲೆ ಕೂತರು. ಗಂಟೆಗಟ್ಟಲೆ ಲೋಕಲ್ ಓಡಲಿಲ್ಲ. ಇಲ್ಲಿರುವ ಎಷ್ಟೋ ಮಂದಿ ಆ ದಿನ ಆಫೀಸಿಗೆ ಹೋಗಲಾಗದೆ ಮನೆಯಲ್ಲೇ ಉಳಿದಿರಬಹುದು. ಅವರ ಕೋಪ ನ್ಯಾಯವಾದದ್ದೇ. ಆದರೆ ಹಳಿಯ ಮೇಲೆ ಕೇಳಿಬಂದ ಬೇಡಿಕೆ ತನಿಖೆಯಾಗಲಿ ಎಂದಷ್ಟೇ ಆಗಿರಲಿಲ್ಲ. ಈಗಲೇ ನೇಣು ಹಾಕಿ ಎಂಬುದೂ ಆಗಿತ್ತು. ಸೆಪ್ಟೆಂಬರ್ 23ರಂದು, ಆರೋಪಿಯನ್ನು ಕರೆದೊಯ್ಯುತ್ತಿದ್ದ ಪೊಲೀಸ್ ವ್ಯಾನಿನೊಳಗೆ, ಮುಂಬ್ರಾ ಬೈಪಾಸ್ ಬಳಿ, ಅವನು ಪೊಲೀಸ್ ಗುಂಡಿಗೆ ಬಲಿಯಾದ. ಮಿಠಾಯಿ ಹಂಚಿದರು. ಊರಿನ ಹೆಸರಿನ ಮೇಲೇ ಪದ ಕಟ್ಟಿ, ಸೇಡು ತೀರಿತು ಎಂದು ಸಾರುವ ಬ್ಯಾನರುಗಳು ಮುಂಬಯಿಯಲ್ಲಿ ತೂಗಿದವು. ಅವನ ಶವ ಹೂಳುವುದಕ್ಕೂ ಜಾಗ ಸಿಗದೆ ಹೆತ್ತವರು ಹೈಕೋರ್ಟಿನ ಮೊರೆ ಹೋಗಬೇಕಾಯಿತು. 2025ರ ಜನವರಿಯಲ್ಲಿ ಮ್ಯಾಜಿಸ್ಟ್ರೇಟ್ ವಿಚಾರಣಾ ವರದಿ ಹೈಕೋರ್ಟಿನ ಮುಂದೆ ಬಂತು. ಆ ಸಾವಿಗೆ ವ್ಯಾನಿನಲ್ಲಿದ್ದ 5 ಪೊಲೀಸರು ಹೊಣೆ ಎಂದು ಅದು ಹೇಳಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆರೋಪಿ ಸತ್ತದ್ದರಿಂದ ಯಾರಿಗೆ ನಷ್ಟ ಎಂದು ಕೇಳುವವರಿದ್ದಾರೆ. ಆ ಎರಡು ಮಕ್ಕಳಿಗೆ ನಷ್ಟ. ಶಾಲೆಯಲ್ಲಿ ಆ ದಿನಗಳಲ್ಲಿ ನಡೆದದ್ದೇನು, ಯಾರ ಉದಾಸೀನದಿಂದ ನಡೆಯಿತು, ಯಾರಿಗೆ ಮೊದಲು ತಿಳಿಯಿತು, ತಿಳಿದವರು ಏಕೆ ಸುಮ್ಮನಿದ್ದರು – ಇವೆಲ್ಲ ಸಾಕ್ಷಿಕಟ್ಟೆಯಲ್ಲಿ, ಪಾಟೀಸವಾಲಿನಲ್ಲಿ ಹೊರಬರಬೇಕಾದ ಸಂಗತಿಗಳು. ಮುಖ್ಯ ಆರೋಪಿ ಸತ್ತರೆ ಅವನ ಮೇಲಿನ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಅಪರಾಧಿ ಎಂದು ತೀರ್ಪು ಬರೆಯಿಸಿಕೊಳ್ಳುವ ಹಕ್ಕು ಆ ಮಕ್ಕಳದಾಗಿತ್ತು. ನಾವು ಮಿಠಾಯಿ ತಿಂದು ಅದನ್ನು ಕಳೆದೆವು.

ಇನ್ನು ಊರಿನ ಕಡೆಗೆ. ಇಲ್ಲಿ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರು ಹೆಚ್ಚಿದ್ದೀರಿ. ನಾನು ಹೇಳಲಿರುವ ದಿನಾಂಕಗಳು ನಿಮಗೆ ಬಾಯಿಪಾಠ. 2022ರ ಜುಲೈ 19ರ ರಾತ್ರಿ ಸುಳ್ಯ ತಾಲ್ಲೂಕಿನ ಬೆಳ್ಳಾರೆಯ ಹತ್ತಿರ ಹದಿಹರೆಯ ಮುಗಿಯದ ಹುಡುಗನೊಬ್ಬನ ಮೇಲೆ ಹಲ್ಲೆಯಾಯಿತು. ಎರಡು ದಿನದಲ್ಲಿ ಅವನು ತೀರಿಕೊಂಡ. ಜುಲೈ 26ರ ರಾತ್ರಿ ಅದೇ ಬೆಳ್ಳಾರೆಯಲ್ಲಿ ಕೋಳಿ ಅಂಗಡಿ ಮುಚ್ಚಿ ಮನೆಗೆ ಹೊರಟಿದ್ದ, ರಾಜಕೀಯ ಪಕ್ಷವೊಂದರ ಯುವ ಕಾರ್ಯಕರ್ತನ ಕೊಲೆಯಾಯಿತು. ಜುಲೈ 28ರ ಸಂಜೆ ಸುರತ್ಕಲ್ಲಿನ ಪೇಟೆಯಲ್ಲಿ, ಅಂಗಡಿಯೊಂದರ ಮುಂದೆ, ಇನ್ನೊಬ್ಬ ತರುಣ ಕೊಲೆಯಾದ. ಹತ್ತೇ ದಿನದೊಳಗೆ 3 ಮನೆಗಳಲ್ಲಿ ಸೂತಕ.

ಮೂರನೆಯ ಪ್ರಕರಣದಲ್ಲಿ ಪೊಲೀಸರು ಆಗ ಸುದ್ದಿಗೋಷ್ಠಿಯಲ್ಲಿ ಹೇಳಿದ್ದನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಆರೋಪಿಗಳು ಮೊದಲು ತೀರ್ಮಾನಿಸಿದ್ದು ಯಾರನ್ನಾದರೂ ಕೊಲ್ಲಬೇಕು ಎಂದು. ಯಾರನ್ನು ಎಂಬ ಚರ್ಚೆ ಆಮೇಲೆ. ಹಲವು ಹೆಸರುಗಳನ್ನು ಮುಂದಿಟ್ಟುಕೊಂಡು, ಅವುಗಳಲ್ಲಿ ಒಂದನ್ನು ಆರಿಸಿದರು. ಆರೋಪ ಸಾಬೀತಾಗುವುದು ಬಿಡುವುದು ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಈ ಕ್ರಮವನ್ನು ಗಮನಿಸಿ: ಕೊಲೆ ಮೊದಲು ನಿಶ್ಚಯವಾಯಿತು, ಸಾಯಬೇಕಾದವನು ಆಮೇಲೆ. ಸತ್ತವನು ಏನು ಮಾಡಿದ್ದ ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. ಅವನ ಹೆಸರಷ್ಟೇ ಸಾಕಾಯಿತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಆ ಸುರತ್ಕಲ್ ಪ್ರಕರಣದ ಆರೋಪಿಗಳಲ್ಲಿ ಒಬ್ಬ, ಜಾಮೀನಿನ ಮೇಲೆ ಹೊರಗಿದ್ದವನು, 2025ರ ಮೇ 1ರ ರಾತ್ರಿ ಬಜ್ಪೆಯ ಬಳಿ ನಡುರಸ್ತೆಯಲ್ಲಿ ಕೊಲೆಯಾದ. ಒಂದು ತಿಂಗಳೂ ಕಳೆಯಲಿಲ್ಲ. ಮೇ 27ರಂದು ಬಂಟ್ವಾಳ ತಾಲ್ಲೂಕಿನ ಕೊಳತ್ತಮಜಲಿನವನೊಬ್ಬ, ಪಿಕಪ್ ಚಾಲಕ, ಗಿರಾಕಿಯ ಮನೆಗೆ ಮರಳು ಇಳಿಸುತ್ತಿದ್ದಾಗ ಕೊಲೆಯಾದ. ಜೊತೆಗಿದ್ದವನಿಗೆ ಗಾಯವಾಯಿತು. ಮರಳು ಇಳಿಸುವವನಿಗೂ ಬಜ್ಪೆಯ ಕೊಲೆಗೂ ಏನು ಸಂಬಂಧ? ಜ್ವರ ಯಾವ ಎತ್ತಿಗೆ, ಬರೆ ಯಾವ ಎಮ್ಮೆಗೆ? ಬಜ್ಪೆಯಲ್ಲಿ ಸತ್ತವನ ಮಟ್ಟಿಗೂ ಸೇಡು ಗುರಿ ಮುಟ್ಟಿತೆನ್ನಲು ಬರುವುದಿಲ್ಲ. ಅವನು ಅಪರಾಧಿಯೋ ಅಲ್ಲವೋ ಎಂದು ಹೇಳಬೇಕಾದ ಮುಕದ್ದಮೆ ಅವನ ಮಟ್ಟಿಗೆ ಮುಗಿದುಹೋಯಿತು. ಸುರತ್ಕಲ್ಲಿನ ತರುಣನ ತಂದೆತಾಯಿಗೆ ನ್ಯಾಯಾಲಯದಿಂದ ಸಿಗಬೇಕಾಗಿದ್ದ ಉತ್ತರವೊಂದು ಅವನ ಜೊತೆಗೇ ಹೋಯಿತು.

ವಿಜಯಪುರ, ಕಲಬುರಗಿ ಕಡೆಯವರು ಇದೆಲ್ಲ ಕರಾವಳಿಯ ಕಥೆ ಎಂದುಕೊಳ್ಳಬೇಕಿಲ್ಲ. ಕರಾವಳಿಯಲ್ಲಿದ್ದ ಧರ್ಮದ ನೆಪ ಭೀಮಾ ತೀರದಲ್ಲಿ ಇರಲಿಲ್ಲ. ಮನೆತನಗಳ ನಡುವಿನ ಹಗೆ ತಲೆಮಾರು ದಾಟಿ ನಡೆಯಿತು. 2017ರ ಅಕ್ಟೋಬರ್‌ನಲ್ಲಿ ಅಣ್ಣ ತಮ್ಮ ಇಬ್ಬರೂ ಹೋದರು – ಒಬ್ಬ ಪೊಲೀಸ್ ಗುಂಡಿಗೆ, ಇನ್ನೊಬ್ಬ ಕೊಲೆಗಾರರ ಕೈಯಲ್ಲಿ. ಆ ಪ್ರಕರಣದಲ್ಲಿ ಕೊನೆಗೆ ಪೊಲೀಸರೇ ಆರೋಪಿಗಳಾಗಿ ಜೈಲು ಸೇರಿದರು. ಇಬ್ಬರ ನಡುವಿನ ಹಗೆಯೊಳಗೆ ಖಾಕಿಯನ್ನೂ ಎಳೆದುಕೊಂಡರೆ ಆಮೇಲೆ ದೂರು ಕೊಡುವುದಕ್ಕೆ ಊರಿನಲ್ಲಿ ಯಾರೂ ಉಳಿಯುವುದಿಲ್ಲ.

ಸೇಡು ತಪ್ಪು ತಲೆಯ ಮೇಲೆ ಬೀಳುತ್ತದೆಂಬುದು ಹೊಸ ತಿಳಿವಳಿಕೆ ಏನಲ್ಲ. ನಮ್ಮ ಬಯಲಾಟದ ಚೌಕಿಯಲ್ಲಿ ಬೆಳೆದವರಿಗೆಲ್ಲ ಗೊತ್ತಿರುವ ಪ್ರಸಂಗವೊಂದಿದೆ. ತೊಡೆ ಮುರಿದು ಬಿದ್ದ ದುರ್ಯೋಧನನಿಗೆ ಮಾತು ಕೊಟ್ಟು ಅಶ್ವತ್ಥಾಮ ರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗುತ್ತಾನೆ. ಅವನ ದುಃಖ ಸುಳ್ಳಲ್ಲ. ತಂದೆಯನ್ನು ಮೋಸದಿಂದ ಕೊಂದಿದ್ದಾರೆ. ಆದರೆ ಪಾಂಡವರು ಆ ರಾತ್ರಿ ಪಾಳೆಯದಲ್ಲಿ ಇರಲೇ ಇಲ್ಲ. ಸತ್ತವರಲ್ಲಿ ದ್ರೌಪದಿಯ 5 ಮಕ್ಕಳೂ ಇದ್ದರು, ಮಲಗಿದ್ದಲ್ಲೇ. ಸಂಸ್ಕೃತದ ಭಾರತದಲ್ಲಿ ಈ ಸುದ್ದಿ ಕೇಳಿದ ದುರ್ಯೋಧನ ಸಂತೋಷದಿಂದಲೇ ಪ್ರಾಣ ಬಿಡುತ್ತಾನೆ. ಕನ್ನಡದಲ್ಲಿ ಆಡಿ, ಹಾಡಿ, ಹೇಳಿಕೊಂಡು ಬಂದ ಕಥೆಯಲ್ಲಿ ಹಾಗಿಲ್ಲ. ಅಶ್ವತ್ಥಾಮ ತಂದ ತಲೆಗಳನ್ನು ನೋಡಿ ದುರ್ಯೋಧನ ಇವು ಎಳೆಯ ಮಕ್ಕಳ ತಲೆಗಳೆಂದು ಗುರುತಿಸುತ್ತಾನೆ, ವಂಶಕ್ಕೆ ಉಳಿದಿದ್ದ ಕುಡಿಗಳನ್ನೂ ಚಿವುಟಿದೆಯಲ್ಲಾ ಎಂದು ಮರುಗುತ್ತಾನೆ.

ಗಮನಿಸಿ, ಈ ದುಃಖವನ್ನು ಧರ್ಮರಾಯನ ಬಾಯಲ್ಲಿ ಹೇಳಿಸಿದ್ದರೆ ಅದಕ್ಕೆ ಇಷ್ಟು ತೂಕ ಬರುತ್ತಿರಲಿಲ್ಲ. ಜೀವಮಾನವೆಲ್ಲ ಹಗೆಯನ್ನೇ ಉಂಡು ಬೆಳೆದ ಛಲದಂಕಮಲ್ಲನ ಬಾಯಲ್ಲಿ ಹೇಳಿಸಿದ್ದಾರೆ. ಸೇಡು ಕೇಳಿದವನೇ, ತಂದುಕೊಟ್ಟಾಗ ಇದು ನಾನು ಕೇಳಿದ್ದಲ್ಲ ಎನ್ನುತ್ತಾನೆ. ಕನ್ನಡದ ಮಟ್ಟಿಗೆ ಕುರುಕ್ಷೇತ್ರದ ಅತ್ಯಂತ ದೊಡ್ಡ ಸೋಲು ಇದೇ ಎಂದು ನನ್ನ ಎಣಿಕೆ. ಅಶ್ವತ್ಥಾಮ ಅಲ್ಲಿಗೂ ನಿಲ್ಲಲಿಲ್ಲ. ಅವನ ಅಸ್ತ್ರ ಉತ್ತರೆಯ ಗರ್ಭಕ್ಕೆ ಗುರಿಯಿಟ್ಟಿತು. ಇನ್ನೂ ಹುಟ್ಟದ ಮಗು ಯಾರಿಗೆ ತಾನೇ ಏನು ಮಾಡಿತ್ತು?

ವ್ಯಕ್ತಿಯ ಮಟ್ಟದಲ್ಲಿ ಸೇಡು ಏನು ಮಾಡುತ್ತದೆ ಎಂಬುದನ್ನು ಈಚೆಗೆ ಪ್ರಯೋಗಾಲಯದಲ್ಲೂ ನೋಡಿದ್ದಾರೆ. 2004ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಮೋಸ ಹೋದವರಿಗೆ ಮೋಸ ಮಾಡಿದವನನ್ನು ದಂಡಿಸುವ ಅವಕಾಶ ಕೊಟ್ಟು, ಆ ಹೊತ್ತಿನಲ್ಲಿ ಅವರ ಮಿದುಳಿನ ಚಿತ್ರ ತೆಗೆದರು. ಸುಖದ ನಿರೀಕ್ಷೆಗೆ ಸಂಬಂಧಿಸಿದ ಭಾಗ ಚುರುಕಾಗಿತ್ತು. ಸೇಡಿನ ಯೋಚನೆ ಸಿಹಿ ಎಂಬುದು ಸುಳ್ಳಲ್ಲ. ಆದರೆ 2008ರಲ್ಲಿ ಅಮೆರಿಕದ ಕೆವಿನ್ ಕಾರ್ಲ್‌ಸ್ಮಿತ್, ತಿಮೊತಿ ವಿಲ್ಸನ್ ಮತ್ತು ಡೇನಿಯಲ್ ಗಿಲ್ಬರ್ಟ್ ಇಂಥದೇ ಆಟವೊಂದರಲ್ಲಿ ಆಮೇಲಿನ ಸ್ಥಿತಿಯನ್ನು ಅಳೆದರು. ದಂಡಿಸಿದವರಿಗೆ ನಿರಾಳವಾಗುತ್ತದೆಂದು ಎಲ್ಲರೂ ಎಣಿಸಿದ್ದರು. ಆದದ್ದು ತಿರುವುಮುರುವು: ದಂಡಿಸಿದವರ ಮನಸ್ಸು ಆ ಮೋಸಗಾರನ ಸುತ್ತಲೇ ಗಿರಕಿ ಹೊಡೆಯಿತು, ದಂಡಿಸುವ ಅವಕಾಶವೇ ಇಲ್ಲದವರು ಅವನನ್ನು ಮರೆತು ಮುಂದೆ ಹೋದರು. ಹಣದ ಆಟದಲ್ಲೇ ಹೀಗಾದರೆ, ನೆತ್ತರಿನ ಹಗೆಯಲ್ಲಿ ಮನುಷ್ಯನ ಗತಿ ಏನಾದೀತು!

ಇದಕ್ಕೆ ಪ್ರಯೋಗಾಲಯವೂ ಬೇಡ, ನಮ್ಮ ಸೊಸೈಟಿಗಳ ವಾರ್ಷಿಕ ಸಭೆ ಸಾಕು. ಡೊಂಬಿವಲಿಯ ಯಾವುದೇ 40 ವರ್ಷದ ಕಟ್ಟಡ ತೆಗೆದುಕೊಳ್ಳಿ. ಮೂರನೆಯ ಮಾಳಿಗೆಯ ಬಚ್ಚಲಿನ ನೀರು ಎರಡನೆಯ ಮಾಳಿಗೆಯ ಛಾವಣಿಗೆ ಇಳಿಯುತ್ತದೆ. ಮೇಲಿನವರು ರಿಪೇರಿಗೆ ಮೇಸ್ತ್ರಿಯನ್ನು ಒಳಗೆ ಬಿಡುವುದಿಲ್ಲ. ಕೆಳಗಿನವರು ಕಮಿಟಿಯಲ್ಲಿ ಸೆಕ್ರೆಟರಿ. ಮೇಲಿನವರ ಮಗ ಮನೆ ಮಾರಲು ಎನ್‌ಒಸಿ ಕೇಳಿದಾಗ ಕಾಗದ ತಡೆಯುತ್ತಾರೆ. ಮೇಲಿನವರು ಉಪನಿಬಂಧಕರಿಗೆ ದೂರು ಕೊಟ್ಟು ಲೆಕ್ಕಪತ್ರ ತೆರೆಸುತ್ತಾರೆ. ಕಮಿಟಿ ಒಡೆದು ಕೊನೆಗೆ ಆಡಳಿತಾಧಿಕಾರಿ ಬಂದು ಕೂರುತ್ತಾರೆ. ಅಷ್ಟರಲ್ಲಿ ಮಹಾನಗರಪಾಲಿಕೆ ಮಳೆಗಾಲಕ್ಕೆ ಮುಂಚೆ ಹೊರಡಿಸುವ ಧೋಕಾದಾಯಕ, ಅಂದರೆ ಅಪಾಯಕಾರಿ, ಕಟ್ಟಡಗಳ ಪಟ್ಟಿಯಲ್ಲಿ ಆ ಕಟ್ಟಡದ ಹೆಸರೂ ಬಂದಿರುತ್ತದೆ. ಪುನರ್ನಿರ್ಮಾಣಕ್ಕೆ ಬಿಲ್ಡರ್ ಬಂದರೆ ಒಬ್ಬರು ಸೈ ಹಾಕಿದಲ್ಲಿ ಇನ್ನೊಬ್ಬರು ಹಾಕುವುದಿಲ್ಲ. ಈ ಜಗಳದಲ್ಲಿ ಯಾವ ಪಕ್ಷಕ್ಕೂ ಸೇರದ, ನೆಲಮಹಡಿಯ ವಿಧವೆಯೊಬ್ಬರು ಸೋರುವ ಮನೆಯಲ್ಲಿ ಇನ್ನೂ 5 ಮಳೆಗಾಲ ಕಳೆಯುತ್ತಾರೆ. ಕೊಲೆಯಲ್ಲಿ ಕಾಣುವ ಲೆಕ್ಕವೇ ಇಲ್ಲೂ ಇದೆ. ಬೆಲೆ ತೆರುವವರು ಮೂರನೆಯವರು.

ಒಂದು ಜಮೀನಿನ ವ್ಯಾಜ್ಯ ಎಲ್ಲಿಯವರೆಗೆ ಹೋಗಬಹುದೆಂದು 2024ರ ಫೆಬ್ರುವರಿ 2ರ ರಾತ್ರಿ ನಾವೆಲ್ಲ ಟಿವಿಯಲ್ಲಿ ಕಂಡೆವು. ಉಲ್ಲಾಸನಗರದ ಹಿಲ್ ಲೈನ್ ಪೊಲೀಸ್ ಠಾಣೆಯೊಳಗೆ, ಅಧಿಕಾರಿಯ ಕೋಣೆಯಲ್ಲೇ, ಕಲ್ಯಾಣ್ ಪೂರ್ವದ ಅಂದಿನ ಶಾಸಕರು ಪ್ರತಿಸ್ಪರ್ಧಿಯ ಮೇಲೆ ಗುಂಡು ಹಾರಿಸಿದ ಪ್ರಕರಣ ಅದು. ದೂರು ಕೊಡಲು ಹೋದ ಜಾಗದಲ್ಲೇ ಗುಂಡು ಹಾರಿತು ಎಂದಮೇಲೆ ಹೆಚ್ಚು ಹೇಳುವುದಕ್ಕೇನಿದೆ?

ಸಮುದಾಯದ ಮಟ್ಟದಲ್ಲಿ ಸೇಡು ಬಿಟ್ಟುಹೋಗುವ ಗುರುತನ್ನು ನೋಡಬೇಕಾದರೆ ಠಾಣೆಯಿಂದ ಡೊಂಬಿವಲಿಗೆ ಸ್ಲೋ ಲೋಕಲ್ ಹಿಡಿಯಿರಿ. ಕಳ್ವಾ, ಮುಂಬ್ರಾ, ದಿವಾ, ಕೋಪರ್. ಮುಂಬ್ರಾ 1990ರ ಹೊತ್ತಿಗೆ ಗುಡ್ಡದ ಬುಡದ ಸಣ್ಣ ಊರು. ಇವತ್ತು ಅಲ್ಲಿ ಲಕ್ಷಗಟ್ಟಲೆ ಜನ, ಬಹುಪಾಲು ಮುಸ್ಲಿಮರು. ಈ ಬದಲಾವಣೆಗೆ 1992ರ ಡಿಸೆಂಬರ್ ಮತ್ತು 1993ರ ಜನವರಿಯ ಮುಂಬಯಿ ಗಲಭೆಗಳು ದೊಡ್ಡ ಕಾರಣ.

ಆ ದಿನಗಳ ಬಗ್ಗೆ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಆಯೋಗ 1998ರಲ್ಲಿ ವರದಿ ಕೊಟ್ಟಿತು. ಎರಡು ಸುತ್ತಿನ ಗಲಭೆಯಲ್ಲಿ ಸತ್ತವರು 900 ಮಂದಿ. ಅವರಲ್ಲಿ 575 ಮುಸ್ಲಿಮರು, 275 ಹಿಂದೂಗಳು, 45 ಗುರುತು ಸಿಗದವರು, 5 ಇತರರು. ಜನವರಿಯ ಮೊದಲ ವಾರದಲ್ಲಿ ಡೋಂಗ್ರಿ ಕಡೆ ಮಾಥಾಡಿ ಕಾರ್ಮಿಕರ ಕೊಲೆಗಳಾದವು. ಜೋಗೇಶ್ವರಿಯ ರಾಧಾಬಾಯಿ ಚಾಳಿನಲ್ಲಿ ಮಲಗಿದ್ದವರನ್ನು ಒಳಗೇ ಸುಟ್ಟರು. ಸೇಡು ಎಂಬ ಕೂಗು ಎದ್ದಿತು. ಆ ಸೇಡು ಡೋಂಗ್ರಿಯ ಕೊಲೆಗಾರರನ್ನು ಹುಡುಕಿಕೊಂಡು ಹೋಗಲಿಲ್ಲ. ಬೇಕರಿಯಲ್ಲಿ ರೊಟ್ಟಿ ಬೇಯಿಸುತ್ತಿದ್ದವನನ್ನು, ಚಾಳಿನ ಮೂಲೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವನನ್ನು ಹುಡುಕಿಕೊಂಡು ಹೋಯಿತು. ಅದಕ್ಕೆ ಮರುಸೇಡು ಮಾರ್ಚ್ 12ರ ಬಾಂಬುಗಳು. ಶೇರು ಮಾರುಕಟ್ಟೆ, ಏರ್ ಇಂಡಿಯಾ ಕಟ್ಟಡ, ವರ್ಲಿಯ ಸೆಂಚುರಿ ಬಜಾರ್, ಝವೇರಿ ಬಜಾರ್, ದಾದರಿನ ಪ್ಲಾಜಾ ಟಾಕೀಸು – ಒಂದೇ ಮಧ್ಯಾಹ್ನ 257 ಜನ ಹೋದರು. ಬಾಂಬಿಗೆ ಜಾತಿ ಗೊತ್ತಿಲ್ಲ; ಸತ್ತವರಲ್ಲಿ ಎಲ್ಲ ಧರ್ಮದವರೂ ಇದ್ದರು. ಡಿಸೆಂಬರ್ ಮತ್ತು ಜನವರಿಯ ಘಟನೆಗಳು ಸ್ಫೋಟಕ್ಕೆ ಕಾರಣವಾದವೆಂಬ ಸಂಬಂಧವನ್ನು ಆಯೋಗವೇ ಗುರುತಿಸಿತು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಸ್ಫೋಟ ಪ್ರಕರಣದ ಟಾಡಾ ನ್ಯಾಯಾಲಯದಲ್ಲಿ 100 ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಅದು ಆಗಲೇಬೇಕಾಗಿತ್ತು. ಗಲಭೆಯ ಪ್ರಕರಣಗಳಲ್ಲಿ ಶಿಕ್ಷೆಯಾದವರು ಬೆರಳೆಣಿಕೆಯಷ್ಟು. ರಾಧಾಬಾಯಿ ಚಾಳಿನ ಪ್ರಕರಣವೂ ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಖುಲಾಸೆಯಲ್ಲಿ ಮುಗಿಯಿತು. ಅಂದರೆ ಎರಡೂ ಕಡೆ, ನಮಗೆ ನ್ಯಾಯ ಸಿಗಲಿಲ್ಲ ಎನ್ನುವ ಮನೆಗಳು ಉಳಿದವು. ನ್ಯಾಯ ತಡವಾದಲ್ಲಿ, ಇಲ್ಲವೇ ಒಂದು ಕಡೆಗೆ ವಾಲಿದಂತೆ ಕಂಡಲ್ಲಿ ಸೇಡಿಗೆ ಕಾರಣ ಹುಡುಕಬೇಕಾಗುವುದಿಲ್ಲ. ಸೇಡಿನ ವಿರುದ್ಧ ಮಾತಾಡುವವರು ಮೊದಲು ನ್ಯಾಯಾಲಯದ ಪರವಾಗಿ ಕೆಲಸ ಮಾಡಬೇಕು. ಇಲ್ಲದಿದ್ದರೆ ಅದು ಬಾಯುಪಚಾರ.

ಈಗ ನಾನು ಹೇಳಬಂದ ಮುಖ್ಯ ಸಂಗತಿ. ಮುಂಬಯಿ ಹೊತ್ತಿ ಉರಿಯುತ್ತಿದ್ದ ಅದೇ ದಿನಗಳಲ್ಲಿ ಕಲ್ಯಾಣದ ನೆರೆಯ ಭಿವಂಡಿ ಉರಿಯಲಿಲ್ಲ. ಇದು ಎಂಥ ಸೋಜಿಗವೆಂದು ತಿಳಿಯಬೇಕಾದರೆ ಆ ಊರಿನ ಹಿಂದಿನ ಕಥೆ ಗೊತ್ತಿರಬೇಕು. ಭಿವಂಡಿ ಪವರ್‌ಲೂಮುಗಳ ಊರು. ಹಗಲುರಾತ್ರಿ ಮಗ್ಗದ ಸದ್ದು. 1970ರ ಮೇ 7ರಂದು ಶಿವಜಯಂತಿ ಮೆರವಣಿಗೆಯಲ್ಲಿ ಶುರುವಾದ ಗಲಭೆಯ ಬಗ್ಗೆ ನ್ಯಾಯಮೂರ್ತಿ ಡಿ.ಪಿ. ಮದನ್ ಆಯೋಗ ವರ್ಷಗಟ್ಟಲೆ ವಿಚಾರಣೆ ನಡೆಸಿತು. 1984ರ ಮೇ ತಿಂಗಳಲ್ಲಿ ಮತ್ತೆ ಗಲಭೆ; ಅದು ಠಾಣೆ, ಮುಂಬಯಿಗೂ ಹಬ್ಬಿ ನೂರಾರು ಜನ ಸತ್ತರು. ಲೆಕ್ಕ ತೀರಿಸಬೇಕೆನ್ನುವವರಿಗೆ ಆ ಊರಿನಲ್ಲಿ ಬೇಕಾದಷ್ಟು ಬಾಕಿ ಇತ್ತು.

1988ರಲ್ಲಿ ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಡೆಪ್ಯುಟಿ ಕಮಿಷನರಾಗಿ ಭಿವಂಡಿಗೆ ಬಂದರು. ಪೊಲೀಸರಿಗೆ ಮೊದಲಿನಿಂದಲೂ ಗೊತ್ತಿದ್ದ ಶಾಂತಿ ಸಮಿತಿಗಳ ಚಾಳಿ ಅವರಿಗೂ ಗೊತ್ತಿತ್ತು: ಗಲಾಟೆಯಾದ ಮೇಲೆ ಊರಿನ ನಾಲ್ಕು ಮುಖಂಡರನ್ನು ಕರೆದು, ಚಹಾ ಕುಡಿಸಿ, ಫೋಟೊ ತೆಗೆಸಿ ಕಳಿಸುವುದು. ಖೋಪಡೆ ಅದನ್ನು ಬುಡಮೇಲು ಮಾಡಿದರು. ಊರನ್ನು ಮೊಹಲ್ಲಾಗಳಾಗಿ ವಿಂಗಡಿಸಿ 70 ಮೊಹಲ್ಲಾ ಸಮಿತಿ ಕಟ್ಟಿದರು. ಪ್ರತಿ ಸಮಿತಿಯಲ್ಲೂ ಎರಡೂ ಧರ್ಮದವರು. ದೊಡ್ಡ ಮುಖಂಡರಲ್ಲ, ಆ ಓಣಿಯಲ್ಲಿ ವಾಸಿಸುವ ಸಾಮಾನ್ಯರು. ಜೊತೆಗೆ ಆ ಭಾಗದ ಪೊಲೀಸರು. ಗಲಾಟೆ ಇಲ್ಲದಾಗ ಸೇರುವುದು ಅದರ ನಿಯಮ. ನಲ್ಲಿಯ ಜಗಳ, ಮಕ್ಕಳ ಜಗಳ, ಬಾಡಿಗೆಯ ತಕರಾರುಗಳನ್ನೂ ಅಲ್ಲಿಗೆ ತರಬಹುದಾಗಿತ್ತು. ಜಗಳ ಚಿಕ್ಕದಾಗಿದ್ದಾಗಲೇ ತೀರಿಸಿದರೆ ಅದಕ್ಕೆ ಧರ್ಮದ ಬಣ್ಣ ಬಳಿಯಲು ಯಾರಿಗೂ ಎಡೆ ಸಿಗುವುದಿಲ್ಲ.

1992ರ ಡಿಸೆಂಬರ್ 6ರ ನಂತರ ಈ ಸಮಿತಿಗಳಿಗೆ ಪರೀಕ್ಷೆ ಬಂತು. ಮುಂಬಯಿಯಿಂದ ಬರುತ್ತಿದ್ದ ಒಂದೊಂದು ಸುದ್ದಿಯೂ ಒಂದೊಂದು ಕಿಡಿ. ಭಿವಂಡಿಯಲ್ಲಿ ಗಲಭೆಯಾಗಲಿಲ್ಲ. ಜನವರಿಯಲ್ಲೂ ಆಗಲಿಲ್ಲ. ಭಿವಂಡಿಯ ಜನ ರಾತ್ರಿ ಬೆಳಗಾಗುವುದರೊಳಗೆ ಸಾಧುಗಳಾದರೆಂದು ಇದರ ಅರ್ಥವಲ್ಲ. ವದಂತಿ ಬಂದಾಗ ಅದು ನಿಜವೇ ಎಂದು ಕೇಳುವುದಕ್ಕೆ ಒಬ್ಬ ಗುರುತಿನ ಮನುಷ್ಯ ಆಚೆ ಓಣಿಯಲ್ಲಿದ್ದ, ಅವನ ಮನೆಯ ಬಾಗಿಲು ಇವನಿಗೆ ಗೊತ್ತಿತ್ತು. ‘ಅವರು’ ಎಂಬ ಮುಖವಿಲ್ಲದ ಗುಂಪಿಗೆ ಒಂದು ಹೆಸರು ಬಂದಿತ್ತು. ಹೆಸರು ಗೊತ್ತಿದ್ದವನನ್ನು ಇನ್ನೊಬ್ಬನ ಬದಲಿಗೆ ಕೊಲ್ಲುವುದು ಕಷ್ಟ.

ಖೋಪಡೆಯವರು ಈ ಅನುಭವವನ್ನು ಮುಂದೆ ಮರಾಠಿ ಪುಸ್ತಕವಾಗಿ ಬರೆದರು. ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯರು 2002ರಲ್ಲಿ ಪ್ರಕಟಿಸಿದ ಹಿಂದೂ-ಮುಸ್ಲಿಂ ಸಂಘರ್ಷದ ಅಧ್ಯಯನದಲ್ಲೂ ಭಿವಂಡಿ ಉದಾಹರಣೆಯಾಗಿ ಬಂತು. ಮುಂಬಯಿಯಲ್ಲಿ ಗಲಭೆಯ ನಂತರ ಜೂಲಿಯೊ ರಿಬೇರೊ, ಸತೀಶ್ ಸಾಹನಿ, ಸುಶೋಭಾ ಬರ್ವೆ ಮೊದಲಾದವರು ಮೊಹಲ್ಲಾ ಕಮಿಟಿಗಳ ಚಳವಳಿ ಕಟ್ಟಿದರು. ಆದರೆ ಇದೂ ಗೊತ್ತಿರಲಿ: 2006ರ ಜುಲೈನಲ್ಲಿ ಪೊಲೀಸ್ ಠಾಣೆಯ ಜಾಗದ ವಿವಾದಕ್ಕೆ ಅದೇ ಭಿವಂಡಿಯಲ್ಲಿ ಮತ್ತೆ ನೆತ್ತರು ಹರಿಯಿತು, ಪೊಲೀಸ್ ಗುಂಡಿಗೆ ಜನ ಸತ್ತರು, ಗುಂಪಿನ ಕೈಗೆ ಸಿಕ್ಕ ಇಬ್ಬರು ಪೊಲೀಸ್ ಪೇದೆಗಳು ಕೊಲೆಯಾದರು. ಸಮಿತಿಯನ್ನು ಒಮ್ಮೆ ಕಟ್ಟಿದರೆ ಸಾಲದು; ಅಧಿಕಾರಿ ವರ್ಗವಾಗಿ ಹೋದಮೇಲೂ ಅದು ಸಭೆ ಸೇರುತ್ತಿರಬೇಕು.

ಮನುಷ್ಯನ ಕೈಯಿಂದ ಸೇಡನ್ನು ಬಿಡಿಸಿಕೊಳ್ಳುವ ಏರ್ಪಾಡು ನಮ್ಮ ತುಳುನಾಡಿಗೆ ಹೊಸದಲ್ಲ. ಅನ್ಯಾಯವಾದವನು ‘ಕಾನತ್ತೂರಿಗೆ ಹೇಳುತ್ತೇನೆ’ ಎಂದರೆ ಎದುರಾಳಿಯ ಎದೆ ನಡುಗುತ್ತಿತ್ತು. ಕಾಸರಗೋಡು ಜಿಲ್ಲೆಯ ಕಾನತ್ತೂರಿನ ನಾಲ್ವರ್ ದೈವಗಳ ಸನ್ನಿಧಿಯಲ್ಲಿ ದೂರು ಹೇಳುವುದು, ಎರಡೂ ಕಡೆಯವರು ಬಂದು ಎದುರೆದುರು ನಿಲ್ಲುವುದು, ಒಪ್ಪಂದವಾಗುವುದು ಇಂದಿಗೂ ನಡೆದಿರುವ ಪದ್ಧತಿ. ದೈವದಲ್ಲಿ ನಂಬಿಕೆ ಇರಲಿ ಬಿಡಲಿ, ಅಲ್ಲಿರುವ ಯುಕ್ತಿ ದೊಡ್ಡದು: ದೂರು ಒಪ್ಪಿಸಿದ ಮೇಲೆ ಕತ್ತಿ ಎತ್ತುವ ಹೊಣೆ ನೊಂದವನದಲ್ಲ. ಸಿಟ್ಟು ಇದೆ, ಅವಮಾನ ಇದೆ, ಆದರೆ ‘ನೀನು ಗಂಡಸಲ್ಲವೇ, ಸುಮ್ಮನಿದ್ದೀಯಾ’ ಎಂದು ಊರವರು ಚುಚ್ಚುವಂತಿಲ್ಲ. ಈ ಪದ್ಧತಿಗೂ ದೋಷವಿದೆ. ಮೂರು ತಲೆಮಾರಿನ ಹಿಂದಿನ ಆಣೆಯೊಂದು ಜ್ಯೋತಿಷಿಯ ಪ್ರಶ್ನೆಯಲ್ಲಿ ಕಂಡುಬಂದು, ಏನೂ ಅರಿಯದ ಮೊಮ್ಮಕ್ಕಳು ಭಯದಲ್ಲಿ ಪರಿಹಾರಕ್ಕೆ ಓಡಾಡುವುದನ್ನೂ ನೋಡಿದ್ದೇವೆ. ಅಲ್ಲೂ ಬರೆ ಎಮ್ಮೆಗೇ.

ಹಳೆಯ ಕರ್ನಾಟಕದಲ್ಲಿ ಇನ್ನೊಂದು ಪದ್ಧತಿ ಇತ್ತು. ಹೋರಾಡಿ ಮಡಿದವನ ಕುಟುಂಬಕ್ಕೆ ಭೂಮಿ ಬಿಟ್ಟುಕೊಡುತ್ತಿದ್ದರು. ನೆತ್ತರುಗೊಡಗೆ ಎಂದು ಶಾಸನಗಳಲ್ಲಿ ಬರುತ್ತದೆ. ಸತ್ತವನ ಮನೆಯನ್ನು ಊರು ನೋಡಿಕೊಳ್ಳಬೇಕು ಎಂಬ ನಿಲುವು ಅದರಲ್ಲಿದೆ. ಇವತ್ತಿನ ಸರಕಾರಕ್ಕೂ ಈ ಹೊಣೆ ಇದೆ. 2022ರ ಕರಾವಳಿಯ ಕೊಲೆಗಳಲ್ಲಿ ಒಂದು ಮನೆಗೆ ಪರಿಹಾರ ಆ ಕೂಡಲೇ ಸಿಕ್ಕಿತು; ಉಳಿದ ಮನೆಗಳಿಗೆ ತಲಾ 25 ಲಕ್ಷ ರೂಪಾಯಿ ಸಿಕ್ಕಿದ್ದು 2023ರ ಜೂನ್‌ನಲ್ಲಿ, ಸರಕಾರ ಬದಲಾದ ಮೇಲೆ. ಒಂದು ಮನೆಯ ಕಣ್ಣೀರು ಇನ್ನೊಂದು ಮನೆಯ ಕಣ್ಣೀರಿಗಿಂತ ಬೆಲೆಯುಳ್ಳದ್ದು ಎಂದು ಸರಕಾರವೇ ಸೂಚಿಸಿದ ಹಾಗೆ ಕಂಡರೆ, ಆ ತಾರತಮ್ಯವೇ ಮುಂದಿನ ಹಗೆಗೆ ಗೊಬ್ಬರ.

ನಾವು ಇಲ್ಲಿದ್ದು ಏನು ಮಾಡಬಹುದು? ದೂರದ ಊರಿನ ಸೇಡಿನಲ್ಲಿ ನಮ್ಮ ಪಾಲೂ ಇದೆ ಎಂದು ಒಪ್ಪಿಕೊಳ್ಳುವುದು ಮೊದಲನೆಯದು. ಬೆಳ್ಳಾರೆಯಲ್ಲಿ ನಡೆದದ್ದರ ವಿಡಿಯೊ ಬೆಳ್ಳಾರೆಯಿಂದ ಕಲ್ಯಾಣಕ್ಕೆ ಬಂದು, ಇಲ್ಲಿಂದ ಎರಡು ಸಾಲು ಸಿಟ್ಟಿನ ಮಾತು ಸೇರಿ ಮತ್ತೆ ಬೆಳ್ಳಾರೆಗೆ ಹೋಗುತ್ತದೆ. ಊರಿನಲ್ಲಿರುವ ಹುಡುಗ ಅದನ್ನು ಮುಂಬಯಿಯ ಮಾವನ ಮಾತು ಎಂದು ಓದುತ್ತಾನೆ. ಮಾವನಿಗೆ ಮರುದಿನ ಬೆಳಗ್ಗೆ ಹೋಟೆಲಿನ ಗಲ್ಲಾಪೆಟ್ಟಿಗೆ ಇದೆ, ಬ್ಯಾಂಕಿನ ಕೆಲಸ ಇದೆ. ಜೈಲಿಗೆ ಹೋಗುವವನು ಆ ಹುಡುಗ. ಅವನ ತಾಯಿ ಜಾಮೀನಿನ ವಕೀಲರ ಫೀಸಿಗೆ ಫೋನು ಮಾಡಿದಾಗ ಎಷ್ಟು ಜನ ಮಾವಂದಿರು ಫೋನೆತ್ತುತ್ತಾರೆ ಎಂದು ಕೇಳಿನೋಡಿ.

ಎರಡನೆಯದು, ನಮ್ಮ ಸಂಘಗಳ ಬಲ. ಡೊಂಬಿವಲಿಯಲ್ಲಿ, ಕಲ್ಯಾಣದಲ್ಲಿ, ಠಾಣೆಯಲ್ಲಿ, ವಾಶಿಯಲ್ಲಿ ಕನ್ನಡ ಸಂಘಗಳಿವೆ. ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್, ಮೊಗವೀರ ವ್ಯವಸ್ಥಾಪಕ ಮಂಡಳಿಗಳಂಥ ಹಳೆಯ ಸಂಸ್ಥೆಗಳಿವೆ. ಊರಿನ ಶಾಲೆಗೆ, ದೇವಸ್ಥಾನದ ಬ್ರಹ್ಮಕಲಶಕ್ಕೆ ಇಲ್ಲಿಂದ ಹಣ ಹೋಗುತ್ತದೆ. ಹಣ ಹೋಗುವಲ್ಲಿ ಮಾತೂ ನಡೆಯುತ್ತದೆ. ಕೊಲೆಯಾದಾಗ ನಮ್ಮವನ ಮನೆಗೆ ಮಾತ್ರ ಹೋಗದೆ ಎರಡೂ ಮನೆಗೆ ಹೋಗುವ ನಿಯೋಗವೊಂದನ್ನು ಇಂಥ ಸಂಸ್ಥೆಗಳು ಕೂಡಿ ಕಳಿಸಿದರೆ ಊರಿನ ಪುಢಾರಿಗಳು ಅದನ್ನು ಕಡೆಗಣಿಸುವುದು ಸುಲಭವಲ್ಲ.

ಮೂರನೆಯದು, ನ್ಯಾಯಾಲಯದ ದಾರಿಯಲ್ಲಿ ನೊಂದವರ ಜೊತೆ ನಡೆಯುವುದು. ಕಾನೂನಿನಲ್ಲಿ ಜನಕ್ಕೆ ತಿಳಿಯದ ಸೌಲಭ್ಯಗಳಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮಿನ ಪ್ರಕಾರ ಸಂತ್ರಸ್ತರಿಗೆ ಪರಿಹಾರ ಕೊಡುವ ಯೋಜನೆಯನ್ನು ಪ್ರತಿ ರಾಜ್ಯವೂ ಹೊಂದಿರಬೇಕು. ಆರೋಪಿ ಪತ್ತೆಯಾಗದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಸಾಕ್ಷಿಗಳ ರಕ್ಷಣೆಯ ಯೋಜನೆಯೊಂದಕ್ಕೆ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲೇ ಒಪ್ಪಿಗೆ ಕೊಟ್ಟಿದೆ. ಸಾಕ್ಷಿ ತಿರುಗಿ ಬಿದ್ದು ಮುಕದ್ದಮೆ ಬಿದ್ದುಹೋದಾಗ ಕೋರ್ಟಿನ ಮೆಟ್ಟಿಲ ಮೇಲೆ ಹುಟ್ಟುವ ಮಾತು ಒಂದೇ – ಇನ್ನು ನಾವೇ ನೋಡಿಕೊಳ್ಳುತ್ತೇವೆ. ಆ ಮಾತು ಹುಟ್ಟದಂತೆ ಮಾಡಬೇಕಾದರೆ ಸಾಕ್ಷಿಯ ಪಕ್ಕದಲ್ಲಿ ಹೋಗಿ ಕೂರುವವರು ಬೇಕು. ನಮ್ಮಲ್ಲಿ ನಿವೃತ್ತ ವಕೀಲರಿದ್ದಾರೆ, ಬ್ಯಾಂಕ್ ಅಧಿಕಾರಿಗಳಿದ್ದಾರೆ, ಸಮಯ ಇರುವವರಿದ್ದಾರೆ.

ಕೊನೆಗೆ ಒಂದು ಆಕ್ಷೇಪಕ್ಕೆ ಉತ್ತರ. ಎದುರಾಳಿ ಸುಮ್ಮನಿರದಿದ್ದಾಗ ನಾವು ಮಾತ್ರ ಸಮಿತಿ ಮಾಡಿಕೊಂಡು ಕೂತರೆ ಹೇಡಿಗಳಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಭಿವಂಡಿಯಲ್ಲಿ ಆ ಚಳಿಗಾಲದ ರಾತ್ರಿಗಳಲ್ಲಿ ತಮ್ಮವರನ್ನೇ ತಡೆದು ನಿಲ್ಲಿಸಿದವರನ್ನು ಹೇಡಿಗಳು ಎನ್ನುವುದು ಕಷ್ಟ. ತಮ್ಮದೇ ಓಣಿಯ ಸಿಟ್ಟಿನೆದುರು ನಿಲ್ಲುವುದಕ್ಕೆ ಬೇಕಾದ ಎದೆಗಾರಿಕೆ, ಮರಳು ಇಳಿಸುತ್ತಿರುವವನ ಮೇಲೆ ಕತ್ತಿ ಬೀಸುವುದಕ್ಕೆ ಬೇಕಿಲ್ಲ.

ಈ ದತ್ತಿಯ ದಾನಿಗಳಿಗೆ ಮತ್ತು ಸಂಘದ ಪದಾಧಿಕಾರಿಗಳಿಗೆ ನನ್ನದೊಂದು ಕೋರಿಕೆ. ಮುಂದಿನ ವರ್ಷದ ಉಪನ್ಯಾಸಕ್ಕೆ ಮುಂಚೆ, ಊರಿನಲ್ಲಾಗಲಿ ಇಲ್ಲಾಗಲಿ ಇಂಥದೊಂದು ಘಟನೆ ನಡೆದರೆ ಯಾರು ಯಾರಿಗೆ ಫೋನು ಮಾಡಬೇಕು, ಯಾವ ಎರಡು ಮನೆಗಳಿಗೆ ಯಾರು ಹೋಗಬೇಕು, ಕೋರ್ಟಿನ ಖರ್ಚನ್ನು ಯಾವ ನಿಧಿಯಿಂದ ಕೊಡಬೇಕು ಎಂದು ಬರೆದಿಟ್ಟ ಒಂದು ಪುಟ ನಮ್ಮ ಬಳಿ ಇರಲಿ. ಅದರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಕನ್ನಡಿಗರ ಹೆಸರೂ ಇರಲಿ. ಹೆಂಗಸರ ಹೆಸರು ಅರ್ಧದಷ್ಟಾದರೂ ಇರಲಿ, ಏಕೆಂದರೆ ಸೇಡಿನ ತೀರ್ಮಾನಗಳಲ್ಲಿ ಅವರನ್ನು ಯಾರೂ ಕೇಳುವುದಿಲ್ಲ, ಅದರ ನಂತರದ ಬದುಕನ್ನೆಲ್ಲ ಅವರೇ ಹೊರುತ್ತಾರೆ. ಇದಕ್ಕೆ ಹೆಸರು ಕೊಡಲು ಇಚ್ಛಿಸುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಕಾಣಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲ ಹೆಸರು ನನ್ನದೇ ಬರೆದುಕೊಳ್ಳಲಿ.